ಬಸ್ಸಿನ ತಲೆ ಬೋಳಿಸಿದ ಗಾಳಿತಜ್ಞರಿಗೆ

ಸನ್ಮಾನ್ಯ ವಾಯುಸುಧಾರಣಾ ಮುಖ್ಯಸ್ಥರೇ,
ಶ್ರೀ ಗಗನಧಾರಾ ಟ್ರಾವೆಲ್ಸ್, ಕೊಳ್ಳೇಗಾಲ.

ಮಾನ್ಯರೇ,

ಲೊಕ್ಕನಹಳ್ಳಿಯ ರೇಷ್ಮೆ ಬೆಳೆಗಾರ್ತಿ ಯಶೋದಳು ತಮಗೂ, ತಮ್ಮ ಕಂಪ್ಯೂಟರಿಗೂ, ಆ ಕಂಪ್ಯೂಟರಿನೊಳಗೆ ಹಗಲಿರುಳು ಬೀಸುತ್ತಿರುತ್ತದೆಂದು ಕೇಳಿಬಂದ ಗಾಳಿಗೂ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾವು ಇಲ್ಲಿ ಕ್ಷೇಮವಾಗಿದ್ದೇವೆ, ನಮ್ಮ ರೇಷ್ಮೆಗೂಡುಗಳು ಕ್ಷೇಮವಾಗಿಲ್ಲ. ತಮಗೆ ಹನ್ನೊಂದು ಸಲ ಫೋನು ಮಾಡಿದೆ. ತಾವು ತೆಗೆಯದ ಕಾರಣ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಮ್ಮೂರಿನಿಂದ ಹನೂರಿನ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ತಮ್ಮ ಆರೂವರೆ ಬಸ್ಸು ಎರಡು ತಿಂಗಳ ಹಿಂದೆ ಹೊಸ ವೇಷದಲ್ಲಿ ಬಂದು ನಿಂತಾಗ, ನಾವೆಲ್ಲ ಮದುವಣಗಿತ್ತಿಯನ್ನು ನೋಡುವಂತೆ ಸುತ್ತುಹಾಕಿ ನೋಡಿದೆವು. ಮುಂದುಗಡೆ ದುಂಡನೆಯ ಟೋಪಿ, ಪಕ್ಕಗಳಿಗೆ ಶಾರ್ಕ್ ಮೀನಿನ ಚರ್ಮದ ಹಾಗೆ ಸಣ್ಣ ಗೀರುಗಳಿರುವ ಹಾಳೆ, ಹಿಂದಿನ ಅಂಚಿನಲ್ಲಿ ಗಾಳಿಗೆ ಸುಳಿ ಸುತ್ತದ ಹಾಗೆ ಬುದ್ಧಿ ಹೇಳಿ ಕಳಿಸುವ ಪುಟ್ಟ ಪುಟ್ಟ ರೆಕ್ಕೆಗಳು. ಟಾಪಿನ ಮೇಲಿದ್ದ ಕ್ಯಾರಿಯರನ್ನೂ ಹಿಂದಿದ್ದ ಏಣಿಯನ್ನೂ ಕಿತ್ತು ಬೋಳಿಸಿ, ಗಾಳಿಯ ತಡೆ ತಗ್ಗಿ ಡೀಸೆಲ್ ಉಳಿಯುತ್ತದೆಂದು ಒಳಗೆ ಕಾಗದ ಅಂಟಿಸಿದ್ದಿರಿ. ಸಮುದ್ರವನ್ನೇ ಕಾಣದ ಹನೂರು ತಾಲ್ಲೂಕಿಗೆ ಶಾರ್ಕ್ ತಂದ ಕೀರ್ತಿ ತಮ್ಮದೇ. ಎರಡು ಟ್ರಿಪ್ಪಿನಲ್ಲಿ ಆ ಗೀರುಗಳಿಗೆಲ್ಲ ಕೆಮ್ಮಣ್ಣು ತುಂಬಿ ಬಸ್ಸು ಸಾರಿಸಿದ ಗೋಡೆಯಂತಾದದ್ದು ಬೇರೆ ಮಾತು.

ತಮ್ಮ ವಿದ್ಯೆಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದುವ ನನ್ನ ಮಗಳು ಭವ್ಯ ಇದು ನಿಜವಾದ ಶಾಸ್ತ್ರವೆಂದೂ, ಹೆದ್ದಾರಿಯಲ್ಲಿ ಉಪಯೋಗಕ್ಕೆ ಬರುತ್ತದೆಂದೂ ಹೇಳಿದಳು. ಜೊತೆಗೆ, "ಸ್ಪೀಡು ಅರ್ಧ ಆದ್ರೆ ಗಾಳಿ ತಡೆಯೋದು ಕಾಲುಭಾಗ ಆಯ್ತದೆ ಕಣವ್ವ, ನಮ್ ಗುಂಡಿ ರೋಡಲ್ಲಿ ಅದಕ್ಕೇನ್ ಕೆಲ್ಸ" ಎಂದೂ ಸೇರಿಸಿದಳು. ನಮ್ಮ ರಸ್ತೆಯಲ್ಲಿ ತಮ್ಮ ಬಸ್ಸು ಇಪ್ಪತ್ತೈದು ಕಿಲೋಮೀಟರ್ ವೇಗ ದಾಟಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಹೊಸ ವೇಷ ಬಂದ ವಾರವೇ ಕಾಡಂಚಿನಲ್ಲಿ ಆನೆಯೊಂದು ಅಡ್ಡ ನಿಂತು ಅರ್ಧ ಗಂಟೆ ನಮ್ಮನ್ನು ನಿಲ್ಲಿಸಿತು. ಆ ಹೊತ್ತಿನಲ್ಲಿ ಗಾಳಿಯ ತಡೆ ಪೂರ್ತಿ ಸೊನ್ನೆಯಾಗಿತ್ತೆಂದು ತಾವು ಬರೆದಿಟ್ಟುಕೊಳ್ಳಬಹುದು.

ಈಗ ಗೂಡಿನ ವಿಷಯ. ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನೊಳಗೆ ಹುಳು ಬದುಕಿರುತ್ತದೆ, ಉಸಿರಾಡುತ್ತದೆ, ಒತ್ತೊತ್ತಾಗಿ ತುಂಬಿ ಮುಚ್ಚಿಟ್ಟರೆ ಬೆವರುತ್ತದೆ. ಆದ್ದರಿಂದ ಬಲೆಯಂಥ ಚೀಲದಲ್ಲಿ ಸಡಿಲವಾಗಿ ತುಂಬಿ, ಬೆಳಗಿನ ತಂಪಿನಲ್ಲೇ ಟಾಪಿನ ಮೇಲೆ ಹಾಕಿ, ದಾರಿಯುದ್ದಕ್ಕೂ ಗಾಳಿ ಕುಡಿಸಿಕೊಂಡು ಹೋಗುವುದು ನಮ್ಮ ರೂಢಿ. ತಾವು ಕಳ್ಳನನ್ನು ಅಟ್ಟುವಂತೆ ಅಟ್ಟಿದ ಆ ಗಾಳಿಗಾಗಿಯೇ ನಾವು ಹದಿನಾರು ಹೆಂಗಸರು ತಮ್ಮ ಬಸ್ಸು ಹತ್ತುತ್ತಿದ್ದೆವು. ಹೊಸ ಬಸ್ಸಿನ ಕಂಡಕ್ಟರ್ ರುದ್ರಸ್ವಾಮಿಯವರು ನನ್ನ ಚೀಲಗಳನ್ನು ಕಂಡು, "ಟಾಪಿಗೆ ಏನೂ ಆಕಂಗಿಲ್ಲ ಕಣಕ್ಕ, ಗಾಳಿಗೆ ನೋವಾಯ್ತದಂತೆ, ಡಿಕ್ಕೀಲಿ ಮಡಗು" ಎಂದರು. ನಾನು ದಡ್ಡಿ, ಇಟ್ಟೆ. ತಳದಲ್ಲಿ ಗಾಳಿ ನುಣ್ಣಗೆ ಹರಿಯಲೆಂದು ತಾವು ಡಿಕ್ಕಿಯ ಕಿಂಡಿಗಳಿಗೂ ತಗಡು ಹೊಡೆದಿದ್ದೀರೆಂದು ನನಗೆ ಗೊತ್ತಿರಲಿಲ್ಲ.

ಒಂಬತ್ತು ವರ್ಷದಿಂದ ನನ್ನ ಗೂಡನ್ನೇ ಹುಡುಕಿಕೊಂಡು ಬರುವ, ಗೂಡು ಬೇಯಿಸಿ ನೂಲು ತೆಗೆಯುವ ಶಿವಕುಮಾರಸ್ವಾಮಿಯವರು ಅಂದು ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಚೀಲದೊಳಗೆ ಕೈಯಿಟ್ಟು, ಎರಡು ಗೂಡು ಕುಯ್ದು, ಒಳಗಿನ ಕಂದು ಕಲೆ ನೋಡಿ, "ಬೇಯ್ಸೋದು ನಮ್ ಕೆಲ್ಸ ಅಲ್ವಾ ಯಶೋದಮ್ಮ, ನೀವ್ಯಾಕೆ ಬೇಯ್ಸ್ಕಂಡು ಬಂದ್ರಿ" ಎಂದು ಪಕ್ಕದವರ ರಾಶಿಗೆ ಹೋದರು. ಅಷ್ಟು ಜನರೆದುರು ನನಗೆ ಅಳು ಬಂತು. ಇಪ್ಪತ್ತೈದು ದಿನ ನಿದ್ದೆಗೆಟ್ಟು ಸೊಪ್ಪು ಹಾಕಿ ಬೆಳೆಸಿದ ಹುಳುವನ್ನೂ, ಒಂಬತ್ತು ವರ್ಷ ಕಾಪಾಡಿಕೊಂಡ ಹೆಸರನ್ನೂ ತಾವು ಎರಡು ಗಂಟೆಯಲ್ಲಿ ಕೆಡಿಸಿದಿರಿ. ಇನ್ನೊಂದು ಬೆಳೆ ಹೀಗಾದರೆ ಆ ಮಾರುಕಟ್ಟೆಯಲ್ಲಿ ನನ್ನ ಗೂಡನ್ನು ಯಾರೂ ಮುಟ್ಟುವುದಿಲ್ಲ.

ಹಾಗೆಂದು ತಮ್ಮ ಸಾಧನೆಯನ್ನು ಮರೆಯಲಾರೆ. ಡೀಸೆಲ್ ನಿಜಕ್ಕೂ ಉಳಿಯುತ್ತಿದೆಯಂತೆ, ಬಸ್ಸಿನಲ್ಲಿ ಹೊಸ ಕಾಗದ ಅಂಟಿಸಿದ್ದೀರಿ. ಹದಿನಾರು ಹೆಂಗಸರೂ ಅವರ ಚೀಲಗಳೂ ಇಳಿದುಹೋದ ಬಸ್ಸು ಹಗುರವಾಗಿ ಓಡದೆ ಇನ್ನೇನು ಮಾಡೀತು? ಆ ಕಾಗದದಲ್ಲಿ ಶಾರ್ಕಿನ ಪಕ್ಕ ನಮ್ಮ ಹೆಸರುಗಳನ್ನೂ ಹಾಕಿಸಬೇಕೆಂದು ಕೋರುತ್ತೇನೆ. ಹಾಗೆಯೇ ಬಿಳಿಗಿರಿರಂಗನ ಬೆಟ್ಟ ಬಹುಕಾಲದಿಂದ ಗಾಳಿಗೆ ಅಡ್ಡ ನಿಂತಿರುವುದರಿಂದ ಅದನ್ನು ಉಜ್ಜಿ ನುಣುಪು ಮಾಡಿಸಬೇಕು, ಚಾಲಕರ ಮೂಗನ್ನು ಒಂದಿಷ್ಟು ಒಳಕ್ಕೆ ತಳ್ಳಿಸಬೇಕು, ಮತ್ತು ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲದವರೆಗೆ ಉಸಿರಾಡಕೂಡದೆಂದು ನಮ್ಮ ಹುಳುಗಳ ಹೆಸರಿಗೆ ಒಂದು ಸುತ್ತೋಲೆ ಕಳಿಸಬೇಕು. ಇವೆಲ್ಲ ಕಷ್ಟವೆನಿಸಿದರೆ ನಾಲ್ಕು ಕಂಬಿ ಬೆಸೆದು ಕ್ಯಾರಿಯರನ್ನು ವಾಪಸು ಕೂರಿಸಿದರೂ ಆದೀತು.

ಅವಸರವೇನಿಲ್ಲ. ಮುಂದಿನ ಬೆಳೆಯ ಗೂಡು ಬಿಡಿಸಿದ್ದಾಯಿತು, ಅದು ತಮ್ಮ ಉತ್ತರಕ್ಕೆ ಕಾಯುವ ಹಾಗಿರಲಿಲ್ಲ. ಮೊನ್ನೆ ಸೋಮವಾರ ಪುಟ್ಟಮಾದಯ್ಯನವರ ಗೂಡ್ಸ್ ಆಟೋದಲ್ಲಿ ಹೊರಟೆವು. ಚಪ್ಪಟೆ ಮೂತಿ, ನಾಲ್ಕೂ ಕಡೆ ಬಯಲು, ಎಲ್ಲೆಡೆಯ ಗಾಳಿಯೂ ಬಂದು ಹೊಡೆಯುವ ಗಾಡಿ ಅದು. ಶಿವಕುಮಾರಸ್ವಾಮಿಯವರು ಚೀಲದೊಳಗೆ ಕೈಯಿಟ್ಟು, ಎರಡು ಗೂಡು ಕುಯ್ದು ನೋಡಿದರು. ಆಮೇಲೆ ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು.

ಇನ್ನು ಮುಂದೆ ತಮಗೆ ಯಾವ ತಡೆಯನ್ನೂ ಒಡ್ಡದ,
ತಮ್ಮ ವಿಶ್ವಾಸಿ,
ಯಶೋದ
ಲೊಕ್ಕನಹಳ್ಳಿ

ತಾ.ಕ.: ಸೋಮವಾರ ತಮ್ಮ ಬಸ್ಸಿನಲ್ಲಿ ಚಾಲಕರು, ರುದ್ರಸ್ವಾಮಿಯವರು ಮತ್ತು ಒಬ್ಬರೇ ಪ್ರಯಾಣಿಕರಿದ್ದರಂತೆ. ಆ ಪ್ರಯಾಣಿಕರು ಹನೂರಿನಲ್ಲಿ ಇಳಿದು ಬೇರೆ ಬಸ್ಸು ಹತ್ತಿದರಂತೆ. ಅಂದಿನ ಡೀಸೆಲ್ ಲೆಕ್ಕವನ್ನು ದಯವಿಟ್ಟು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಓದಲು ಬಸ್ಸಿನಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಹೊರಗಡೆಗೆ ಅಂಟಿಸಿದರೆ ಒಳ್ಳೆಯದು, ಆಟೋದಲ್ಲಿ ಕೂತು ದಾಟುವಾಗ ನಾವು ಓದಿಕೊಳ್ಳುತ್ತೇವೆ.