ತಗಡು ಹೊತ್ತು ಸತ್ತಿಗೆ ಹಾರಿದ್ದು

ಮಂದಿಯ ದನಿ ಕದಿಯುವುದರಲ್ಲಿ ನಾನು ಪಳಗಿದ ಕಳ್ಳ. ಆದರೆ ದನಿ ಕದಿಯುವ ಭರದಲ್ಲಿ ಅವರು ಹೇಳಿದ್ದೇನೆಂದು ಕೇಳಲು ನನಗೆ ಎಂದೂ ಪುರುಸೊತ್ತಾಗಿಲ್ಲ. ಕಾಲೇಜಿನಲ್ಲಿ ವಿಮಾನದ ಪಾಠ ಹೇಳುವ ನಮ್ಮ ಸರ್ ಮೂಗಿನಲ್ಲೇ ಮಾತಾಡುವವರು. "ರೆಕ್ಕಿ ಮೂತಿ ಎತ್ತಿದಷ್ಟೂ ಲಿಫ್ಟ್, ಅಂದ್ರ ಮ್ಯಾಲೆತ್ತೂ ಬಲ, ಏರತೈತಿ. ಹದಿನೈದು ಡಿಗ್ರಿ ದಾಟಿದ್ರ ಸ್ಟಾಲ್!" ಎಂದು ಹಾಸ್ಟೆಲಿನಲ್ಲಿ ನಾನು ದನಿಯನ್ನು ಮೂಗಿಗೇರಿಸಿದರೆ 'ಸ್ಟಾಲ್' ಎಂಬಲ್ಲೇ ನಗು ಬೀಳುತ್ತಿತ್ತು. ಪಾಠದ ಮುಂದಿನ ಭಾಗ ನನಗೆ ಬೇಕಾಗಲೇ ಇಲ್ಲ.

ಮೊನ್ನೆ ರಜೆಗೆ ನಮ್ಮೂರು ಸತ್ತಿಗೆ ಬಂದಿದ್ದೆ. ಬಿರುಗಾಳಿ ನಮ್ಮ ಒಣದ್ರಾಕ್ಷಿ ಶೆಡ್ಡಿನ ಒಂದು ತಗಡನ್ನು ಕಿತ್ತು ಹೊಳೆಗೆ ಒಯ್ದಿತು. ಕೆಳಗೆ ಬಲೆಗಳ ಮೇಲೆ ವರ್ಷದ ದ್ರಾಕ್ಷಿ ಅರ್ಧ ಒಣಗಿ ಹರಡಿತ್ತು. ನಾಲ್ಕು ಹನಿ ಬಿದ್ದರೆ ಎಲ್ಲ ಕಪ್ಪು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಕಾಕಾ ನನ್ನನ್ನು ಅಥಣಿಗೆ ಎಳೆದೊಯ್ದು, ಹೊಸ ತಗಡು ಕೊಂಡು, ಬೈಕಿನ ಹಿಂದೆ ಕೂತ ನನ್ನ ತಲೆಯ ಮೇಲೆ ಹೊರಿಸಿ ಸತ್ತಿಯ ಕಡೆ ಗಾಡಿ ಬಿಟ್ಟ.

ಊರು ದಾಟಿ ವೇಗ ಹಿಡಿದದ್ದೇ ತಗಡಿನ ಮುಂದಿನ ಅಂಚು ಎದ್ದಿತು. ನನ್ನ ಕುಂಡೆ ಸೀಟು ಬಿಟ್ಟಿತು.

"ಲೇ, ಗಾಡಿ ಹಿಂದ ಹಗೂರಾತು! ಇದ್ದಿಯೋ, ಇಲ್ಲೋ? ತಗಡು ಚಪ್ಪಟ ಹಿಡಿಲೇ!"

"ಬ್ಯಾಡ ಕಾಕಾ, ಇನ್ನಷ್ಟ ಎತ್ತತೇನಿ. ಹದಿನೈದು ಡಿಗ್ರಿ ದಾಟಿದ್ರ ಸ್ಟಾಲ್! ಲಿಫ್ಟ್ ಸತ್ತ ಹೋಗ್ತೈತಿ," ಎಂದೆ, ಸರ್ ದನಿಯಲ್ಲೇ.

"ನಿಮ್ಮ ಸರ್ ಎಂದಾದ್ರೂ ತಗಡು ಹೊತ್ತಾನೇನ್ಲೇ?"

ಎತ್ತಿದೆ. ತಗಡು ಗಡಗಡ ನಡುಗಿ ಧೊಪ್ಪನೆ ನೆತ್ತಿಗೆ ಬಡಿಯಿತು. ಲಿಫ್ಟ್ ಇಳಿದಿತ್ತು! ನೋವಿನಲ್ಲೂ ಬೀಗಿದೆ. ಇನ್ನೇನು ಭಯ ಎಂದು ಮತ್ತಷ್ಟು ಎತ್ತಿದೆ. ನಲವತ್ತು ಡಿಗ್ರಿಯ ಸುಮಾರಿಗೆ ಸತ್ತ ಲಿಫ್ಟ್ ಎದ್ದು ಬಂತು. ಬರುವಾಗ ಹಿಂದಕ್ಕೆ ಜಗ್ಗುವ ಗಾಳಿಯನ್ನೂ ಜೊತೆಗೆ ಕರೆತಂದಿತ್ತು. ಬೈಕ್ ಸತ್ತಿಯ ಕಡೆ ಹೋಯಿತು, ನಾನು ತಗಡಿನ ಸಮೇತ ಕಬ್ಬಿನೊಳಗೆ ಹೋದೆ.

ಅಲ್ಲಿ ಅಂಗಾತ ಬಿದ್ದಾಗ ಸರ್ ಮಾತಿನ ಬಾಲ ನೆನಪಾಯಿತು: "ಸ್ಟಾಲ್ ಆದ್ರ ಲಿಫ್ಟ್ ಇಳೀತೈತಿ, ಸಾಯೂದಿಲ್ಲ. ಚಪ್ಪಟ ಹಲಗಿ ಇದ್ರ ನಲವತ್ತೈದರ ಹತ್ರ ಮತ್ತ ಏರತೈತಿ."

ಮೂಗಿನ ಮೇಲೆ ಮೊದಲ ಹನಿ ಬಿತ್ತು. ಕಾಕಾ ತಿರುಗಿ ಬಂದವನೇ ಮೊದಲು ತಗಡನ್ನು ಸವರಿ ನೋಡಿದ. "ಪುಣ್ಯಾ, ಬಾಗಿಲ್ಲ. ನೀ ಏಳ್ತಿಯೋ, ಇಲ್ಲೋ?" ಉಳಿದ ದಾರಿ ತಗಡನ್ನು ಬಗಲಿಗೆ ನೆಟ್ಟಗೆ ಹಿಡಿದು ಕೂತೆ. ಕಾಕಾ ಕೊನೆಯ ಮೊಳೆ ಹೊಡೆಯುವುದಕ್ಕೂ ಮಳೆ ಧೋ ಎನ್ನುವುದಕ್ಕೂ ಸರಿಹೋಯಿತು. ದ್ರಾಕ್ಷಿ ಉಳಿಯಿತು.

ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ ಕಾಕಾ ತಟ್ಟೆಯನ್ನು ತಲೆಯ ಮೇಲೆತ್ತಿ, ಮೂಗಿನಲ್ಲಿ "ಸ್ಟಾಲ್!" ಎಂದು ಹಿಂದಕ್ಕೆ ಉರುಳಿದ. ಅಜ್ಜಿ ಕಣ್ಣೀರು ಬರುವಂತೆ ನಕ್ಕಳು. ಸರ್ ಅವರನ್ನು ಅವನು ಕಂಡೇ ಇಲ್ಲ. ಆದರೂ ದನಿ ನನ್ನದಕ್ಕಿಂತ ಚೆನ್ನಾಗಿತ್ತು.

"ಕಾಕಾ, ಅದರ ಮುಂದೂ ಐತಿ, ಇಲ್ಲೆ ಕೇಳ..." ಎಂದೆ.

ಯಾರಿಗೂ ಪುರುಸೊತ್ತಿರಲಿಲ್ಲ.