ಮಚ್ಚೆ ಇಲ್ಲದ ರೋಗಿ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಮಧುಗಿರಿಯ ನಮ್ಮ ಮನೆಯಂಗಳ. ಹಾಜರಿದ್ದವರು ನಾನು, ನನ್ನ ತಮ್ಮ, ಅವನ ಹೆಂಡತಿ ಮತ್ತು ಸೂರ್ಯ. ಹೆಂಡತಿ ಕೈಗೆ ಲೇಪ ಹಚ್ಚಿಕೊಂಡು ಬಿಸಿಲಿಗೆ ಕೂತಿದ್ದಳು, ಗಂಡ ವಾಚು ನೋಡುತ್ತ ಕೂತಿದ್ದ.

ನನ್ನ ತಮ್ಮನಷ್ಟು ಶ್ರದ್ಧೆಯ ರೋಗಿ ನಾಲ್ಕು ತಾಲ್ಲೂಕಿನಲ್ಲಿ ಸಿಗಲಾರ. ಕೊರತೆ ಒಂದೇ, ಅವನಿಗೆ ರೋಗವಿಲ್ಲ!

ಬಿಳಿ ಮಚ್ಚೆ ಬಂದದ್ದು ಅವನ ಹೆಂಡತಿಯ ಕೈಗಳಿಗೆ. ಒಬ್ಬಟ್ಟು ತಟ್ಟುವುದರಲ್ಲಿ ಪಾವಗಡದಿಂದ ಸಿರಾದವರೆಗೆ ಹೆಸರಾದ ಕೈಗಳು ಅವು. ಮಚ್ಚೆ ಬೆರಳಿಗೆ ಇಳಿದ ಮೇಲೆ ನೆಂಟರು ಬಾಯಿಬಿಟ್ಟು ಏನೂ ಅನ್ನಲಿಲ್ಲ. "ನೀನು ಸುಮ್ಕೆ ಕುಂತ್ಕೊಳಮ್ಮ, ಎಷ್ಟೂಂತ ದುಡೀತೀಯ" ಎಂದರು, ಅಷ್ಟೇ. ಅದು ಅಂಟುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು, ಪಂಡಿತರೂ ಹೇಳಿದ್ದರು. ನೆಂಟರು ಕೇಳಬೇಕಲ್ಲ?

ಪಂಡಿತರು ಎಂದರೆ ಚನ್ನರಾಯನದುರ್ಗದ ಕಡೆಯ ಆಯುರ್ವೇದದವರು. ಅವರ ಮುಂದೆ ಹೆಂಡತಿಗಿಂತ ಮೊದಲು ಇವನೇ ಕೈ ಚಾಚಿದ.

"ಮಚ್ಚೆ ಎಲ್ಲಪ್ಪಾ?"

"ನಂದಿನ್ನೂ ಬಂದಿಲ್ಲ ಸ್ವಾಮಿ. ಮದ್ದು ಮುಂಚೇನೇ ಕೊಟ್ಬುಡಿ."

ಅವರು ಆಕೆಗೆ ಬಾವಂಚಿ ಬೀಜದ ಲೇಪ ಕೊಟ್ಟರು. ಎಳೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಮಾತ್ರ, ಹೆಚ್ಚಾದರೆ ಸುಡುತ್ತದೆ, ಹುಳಿ ಮುಟ್ಟಬಾರದು, ಬಣ್ಣ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು.

ಹುಳಿ ಬಿಟ್ಟವನು ನನ್ನ ತಮ್ಮ! ಹುಣಸೆಹಣ್ಣು ಕಡಿಮೆಯಾದರೆ ತಟ್ಟೆ ತಳ್ಳುತ್ತಿದ್ದವನು. "ಬಿಸಿನೀರಿಗೆ ಸಾರು ಅಂತ ಹೆಸರಿಕ್ಕವ್ಳೆ ಕಣಕ್ಕಾ" ಎಂದು ದೂರುತ್ತಲೇ ಎರಡನೆಯ ಸಲ ಬಡಿಸಿಕೊಂಡ.

ಲೇಪವನ್ನೂ ಬಿಡಲಿಲ್ಲ. ತನ್ನ ಕೈಗೆ ಬಳಿದುಕೊಂಡು ತನ್ನೂರು ವೈ.ಎನ್.ಹೊಸಕೋಟೆಯ ಬಿಸಿಲಿಗೆ ಕೂತ. "ಸಾಕು, ಏಳೋ" ಎಂದು ಫೋನಿನಲ್ಲಿ ಗದರಿದೆ. "ಕ್ಯಾತಗಾನಚೆರ್ಲು ಸೋಲಾರ್ ಪಾರ್ಕಲ್ಲಿ ಇದೇ ಬಿಸಿಲಿಗೆ ಕರೆಂಟೇ ಬತ್ತೈತೆ, ಬಣ್ಣ ಬರಾಕಿಲ್ವಾ?" ಎಂದ. ಬಣ್ಣ ಬರಲಿಲ್ಲ, ಬೊಬ್ಬೆ ಬಂತು. ಬೊಬ್ಬೆ ಒಣಗಿದಾಗ ಆ ಜಾಗ ಬೆಳ್ಳಗಾಗಿತ್ತು. ಕೊನೆಗೂ ರೋಗಿಗೊಂದು ಮಚ್ಚೆ!

ಈ ಭಾನುವಾರ ನನ್ನ ಮೊಮ್ಮಗಳ ನಾಮಕರಣ. ಕಣಕ, ಹೂರಣ ಎರಡೂ ಸಿದ್ಧವಾಗಿದ್ದವು. ಅಡುಗೆಮನೆಯ ಯಜಮಾನಿಕೆ ನಮ್ಮ ಚಿಕ್ಕಮ್ಮನದು. ಒಳಗೆ ಹೋಗಿ "ತಟ್ಟೋಕೆ ಅವಳನ್ನ ಕರೀಲಾ?" ಎಂದು ಕೇಳಿದೆ.

"ಮೊದ್ಲು ಮಚ್ಚೆ ವಾಸಿಯಾಗ್ಲಿ ಬುಡು" ಎಂದರು.

ಅಂಗಳಕ್ಕೆ ಕೇಳಿಸಿತು. ತಮ್ಮ ಒಳಗೆ ಬಂದ, ಕೈ ತೊಳೆದ, ಮಚ್ಚೆಯಾದ ಕೈಯನ್ನೇ ಕಣಕಕ್ಕೆ ಹಾಕಿದ. "ಅವ್ಳ ಕೈ ಬ್ಯಾಡಾಂದ್ರೆ ನಂದು ನೋಡು ಚಿಕ್ಕಮ್ಮ. ಇದೂ ಬಿಳೀದೇಯ!"

ಮೊದಲ ಒಬ್ಬಟ್ಟು ಪಾವಗಡ ತಾಲ್ಲೂಕಿನ ನಕ್ಷೆಯಂತೆ ಬಂತು. ಎರಡನೆಯದು ಹರಿದು ಹೂರಣ ಒಲೆಗೆ ಬಿತ್ತು.

"ಎತ್ತಲಾ ಕೈಯ್ಯ! ಇರೋಬರೋ ಹೂರಣ ಎಲ್ಲ ಹಾಳ್ಮಾಡ್ಬುಡ್ತೀಯ. ಕರಿಯೋ ಅವ್ಳನ್ನ!" ಎಂದು ಚಿಕ್ಕಮ್ಮನೇ ಕೂಗಿದರು.

ಆಕೆ ಲೇಪ ತೊಳೆದು ಬಂದಳು. ಮೊದಲು ಗಂಡನ ಕೈಯನ್ನು ಕಣಕದಿಂದ ಎತ್ತಿ ಸೆರಗಿನಲ್ಲಿ ಒರೆಸಿದಳು.

"ಎಷ್ಟೊತ್ತಿಗೆ ಸುಡ್ತೈತೆ ಅಂತ ತಿಳ್ಕಳಾಕೆ ಇವ್ರು ಮೊದ್ಲು ಹಚ್ಕೊಂಡಿದ್ದು ಅಕ್ಕಾ. ಅಷ್ಟೊತ್ತು ಆಗಾಕೂ ಮುಂಚೆ ದಿನಾ ನನ್ನ ಎಬ್ಬಿಸ್ಬುಡ್ತಾರೆ. ನಂಗೆ ಒಂದು ಬೊಬ್ಬೇನೂ ಎದ್ದಿಲ್ಲ."

ತಮ್ಮ ವಾಚು ನೋಡಿಕೊಳ್ಳುತ್ತ ನಿಂತ. ನಾನು ಹೆಂಚಿಗೆ ಎಣ್ಣೆ ಸವರಿದೆ.

ಚಿಕ್ಕಮ್ಮ ಎರಡು ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದರು. ಹನ್ನೊಂದೂವರೆಗೆ ಕೊನೆಯ ಒಬ್ಬಟ್ಟು ಇಳಿಯಿತು. ಒಲೆ ಆರಿಸಿದೆ.