ದೊಡ್ಡವ್ವನ ಮನೆಗೆ ತೋಡಿದ ಕುಣಿ

ಊರವರ ಮನೆಗಳಿಗೆ ನಕ್ಷೆ ಬರೆದುಕೊಡುವ ನನ್ನ ಸ್ವಂತ ಮನೆಯಲ್ಲಿ ಮಾತ್ರ ಯಾವುದೂ ನಕ್ಷೆಯಂತೆ ನಡೆದದ್ದಿಲ್ಲ. ಹಡಗಲಿಯ ನಮ್ಮ ಹಿತ್ತಲಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಕಟ್ಟಲು ಹೊರಟಾಗಲೂ ಅಷ್ಟೇ. ಲಾತೂರಿನ ಕಡೆ ಭೂಮಿ ನಡುಗಿ ಇನ್ನೂ ವರ್ಷ ತುಂಬಿರಲಿಲ್ಲ. ನನ್ನನ್ನು ಸಾಕಿದ ದೊಡ್ಡವ್ವನಿಗೆ ತನ್ನದೇ ಆದ ಒಲೆ ಬೇಕಿತ್ತು. ನನ್ನ ಹೆಂಡತಿಗೆ ದೊಡ್ಡವ್ವನ ಒಲೆ ಇನ್ನೂ ತುರ್ತಾಗಿ ಬೇಕಿತ್ತು. ಮಳೆಗಾಲದೊಳಗೆ ಕಟ್ಟದಿದ್ದರೆ ಹಿತ್ತಲಲ್ಲಿ ಮಲಗುವವನು ನಾನೇ ಎಂದು ಇಬ್ಬರೂ ಹೇಳಿದರು. ಅವರಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

೧. ತಂಬಿಗೆಯ ಯಂತ್ರ

"ಭೂಕಂಪ ಬಂದ್ರ ಹೆಂಗ ಗೊತ್ತಾಗತೈತಿ?" ಎಂದು ದೊಡ್ಡವ್ವ ಕೇಳಿದಳು.

ನನಗೂ ಹೇಳುವ ಚಪಲ. "ಮೊದ್ಲು ಭಾಂಡಿ ಅಲುಗಾಡ್ತಾವ. ನಮ್ಮದು ಮಣ್ಣಿನ ಮಾಳಿಗಿ, ಭಾರ ಐತಿ. ಸಪ್ಪಳಾದ ಕೂಡಲೆ ಹೊರಗ ಓಡಬೇಕು" ಎಂದೆ.

ಮರುದಿನ ಆಕೆ ತಂಬಿಗೆ ಬೋರಲು ಹಾಕಿ, ಅದರ ಮೇಲೆ ಲೋಟ ಇಟ್ಟು ಕಾದಳು. ಹತ್ತು ಗಂಟೆಗೆ ಕರೆಂಟು ಬಂತು. ಗೋಡೆಯ ಆಚೆಗಿನ ಹಿಟ್ಟಿನ ಗಿರಣಿ ಶುರುವಾಯಿತು. ಲೋಟ ಬಿತ್ತು. ದೊಡ್ಡವ್ವ ಬೀದಿಗೆ ಓಡಿ ಓಣಿಯನ್ನೆಲ್ಲ ಕೂಗಿ ಕರೆದಳು. ಜನ ಕೂಸು, ಕುನ್ನಿ, ಟೀವಿ ಎತ್ತಿಕೊಂಡು ಬಂದರು. ಗದ್ದಲ ಕೇಳಿ ಗಿರಣಿಯವನೂ ಹೆದರಿ, ಗಿರಣಿ ಬಂದ್ ಮಾಡಿ ಹೊರಗೆ ಓಡಿ ಬಂದ.

ದೊಡ್ಡವ್ವ ಗೋಡೆಗೆ ಕೈ ಇಟ್ಟು ನೋಡಿ, "ನಿಂತತಿ. ಇನ್ನ ಎಲ್ಲಾರೂ ಒಳಗ ಹೋಗ್ರಿ" ಎಂದಳು.

೨. ಎರಡು ಪುಟ್ಟಿ ಮಣ್ಣು

ನಮ್ಮ ಹಿತ್ತಲದ್ದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆದರೆ ಗೋಡೆ ಕಟ್ಟಲು ಬಂದ ಮೇಸ್ತ್ರಿ ಸಾಬರಿಗೆ ಹಳೆಯ ಪದ್ಧತಿಯೇ ಆಗಬೇಕು.

"ಮೊಣಕೈ ಆಳ ತೋಡಿ, ಅದೇ ಮಣ್ಣು ವಾಪಸ್ ತುಂಬ್ರಿ ಸರ. ಮಣ್ಣು ಉಳಿದ್ರ ಛಲೋ ಜಾಗ. ಕಡಿಮಿ ಬಿದ್ರ ಬ್ಯಾಡ."

ತೋಡಿದೆವು, ಚಹಾ ಕುಡಿದು ಬಂದು ತುಂಬಿದೆವು. ಅರ್ಧ ಕುಣಿ ಖಾಲಿ ಉಳಿಯಿತು. ಮೇಸ್ತ್ರಿ ಸಾಬರು ಹೌಹಾರಿದರು. ಅಷ್ಟೊಂದು ಮಣ್ಣು ನುಂಗಿದ ಜಾಗವನ್ನು ಅವರು ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ.

ವಿಚಾರಿಸಿದರೆ, ಎರಡು ಪುಟ್ಟಿ ಮಣ್ಣು ದೊಡ್ಡವ್ವ ಹೊತ್ತೊಯ್ದಿದ್ದಳು. "ಮನಿ ಆಗೂದ್ರಾಗ ಒಲಿ ಒಣಗಬೇಕಲ್ಲ" ಎಂದಳು.

ಮೂರನೆಯ ದಿನಕ್ಕೆ ಆ ಒಲೆ ಬಿರಿದು ನಾಲ್ಕು ಹೋಳಾಯಿತು. ನಾನು ಓದಿದ ಪುಸ್ತಕಗಳಲ್ಲಿ ಇದಕ್ಕಿಂತ ಒಳ್ಳೆಯ ಮಣ್ಣು ಪರೀಕ್ಷೆ ಇರಲಿಲ್ಲ.

೩. ಅಳತೆ

ಇನ್ನು ಎರೆಮಣ್ಣಿನ ಕೆಳಗಿನ ಗಟ್ಟಿ ಕಲ್ಲುಮಣ್ಣು, ಅಂದರೆ ಗರಸು, ಸಿಗುವವರೆಗೂ ತೋಡಿ ನೋಡಬೇಕಾಯಿತು. ಆರಡಿ ಉದ್ದ, ಮೂರಡಿ ಅಗಲ ಗುರುತು ಹಾಕಿದೆ. ಮೇಸ್ತ್ರಿ ಸಾಬರು ಸಲಿಕೆ ಕೆಳಗಿಟ್ಟರು.

"ಇದು ನಮ್ಮ ಮಂದಿ ಗೋರಿ ಅಳತಿ ಸರ. ನಿಮ್ಮ ಹಿತ್ತಲದಾಗ ಬ್ಯಾಡ."

ಸರಿಯೆಂದು ಚೌಕ ಮಾಡಿದೆ, ನಾಲ್ಕಕ್ಕೆ ನಾಲ್ಕು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಅದಕ್ಕೆ ಚೌಕ ಕುಣಿಯೇ ಬೇಕು. ಅದು ನನಗೆ ಹೊಳೆಯಲಿಲ್ಲ. ಎದೆಯ ಆಳಕ್ಕೆ ಗರಸು ಸಿಕ್ಕ ಖುಷಿಯಲ್ಲಿದ್ದೆ.

ಗಿರಣಿಗೆ ಬಂದ ಯಾರಿಗೋ ಗೋಡೆಯ ಮೇಲಿಂದ ಕುಣಿ ಕಂಡಿತು. ನಮ್ಮ ಮನೆಯಲ್ಲಿ ಹೋಗುವ ವಯಸ್ಸಿನವಳು ದೊಡ್ಡವ್ವ ಒಬ್ಬಳೇ; ಸುದ್ದಿ ಊರು ದಾಟಿತು. ಮಧ್ಯಾಹ್ನದ ಬಸ್ಸಿಗೆ ಇಟ್ಟಿಗಿ ಊರಿನಿಂದ ಇಪ್ಪತ್ತು ಜನ ಬಳಗದವರು ಹಾರ ಹಿಡಿದು ಬಂದಿಳಿದರು. ಹೆಂಗಸರು ಓಣಿಯ ತಿರುವಿನಿಂದಲೇ ಅಳುತ್ತ ಬಂದರು. ಹೊರಗೆ ಬಂದ ದೊಡ್ಡವ್ವ ತಾನೂ ಸೆರಗು ಬಾಯಿಗಿಟ್ಟು ಅತ್ತಳು. ಸಾಕಷ್ಟು ಅತ್ತ ಮೇಲೆ, "ಯಾರು ಹೋದ್ರು?" ಎಂದು ಕೇಳಿದಳು.

ನಾನು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು, ಕುಣಿ ದೊಡ್ಡವ್ವನ ಮನೆಯ ಬುನಾದಿಗೆ ತೋಡಿದ್ದೆಂದು ತೋರಿಸಿದೆ. ಒಬ್ಬ ಹಿರಿಯ ಕುಣಿಯ ಕಡೆ ಕೈ ತೋರಿಸಿ, "ಇಂಥಾ ಜಾಗದಾಗ ಮನಿ ಬ್ಯಾಡ ಯವ್ವಾ. ಅಪಶಕುನ" ಎಂದ.

ದೊಡ್ಡವ್ವ ಶಕುನ ನೋಡದೆ ಉಪ್ಪಿನಕಾಯಿ ಸಹ ಹಾಕಿದವಳಲ್ಲ. ಮನೆ ಬೇಡವೆಂದರೆ ಮುಗಿಯಿತು. ನನ್ನ ಹೆಂಡತಿ ಬಾಗಿಲು ಹಿಡಿದು ನಿಂತಿದ್ದಳು, ಅಳುವವರಿಗಿಂತ ಆಕೆಯ ಮುಖವೇ ಹೆಚ್ಚು ಬಾಡಿತ್ತು.

ದೊಡ್ಡವ್ವ ಕುಣಿ ನೋಡಿದಳು, ಹಾರ ನೋಡಿದಳು, ಬಿರಿದ ಒಲೆ ನೋಡಿದಳು.

"ನನಗ ಮಣ್ಣು ಹಾಕಾಕ ಬಂದೀರಿ, ಹೌದಿಲ್ಲ?"

"ಹೌದವ್ವ" ಎಂದ ಹಿರಿಯ, ತಲೆ ತಗ್ಗಿಸಿ.

"ಹಂಗಾದ್ರ ಬರಿಗೈಲೆ ಹೋಗಬ್ಯಾಡ್ರಿ. ತರಿಸಿದ ಗರಸು ಅಲ್ಲಿ ಬಿದ್ದೈತಿ, ಪುಟ್ಟಿ ಇಲ್ಲೇ ಅದಾವ. ನನ್ನ ಬುನಾದಿಗೆ ಒಬ್ಬೊಬ್ರು ಹತ್ತತ್ತು ಪುಟ್ಟಿ ಹಾಕ್ರಿ. ನಾ ಸತ್ತಾಗ ಮತ್ತ ಬರೂದು ಬ್ಯಾಡ, ನಿಮ್ಮ ಪಾಳಿ ಇವತ್ತ ಮುಗೀತು."